ಮೆತ್ತನೆ ರೊಟ್ಟಿಯ ದೂರ

ರೊಟ್ಟಿ ಸುತ್ತುವ ಬಟ್ಟೆಯೊಂದು ನಮ್ಮ ಮನೆಯಲ್ಲಿದೆ. ಅವ್ವನ ಹಳೆಯ ಇಳಕಲ್ ಸೀರೆಯ ತುಂಡು. ನಿಮ್ಮ ಮನೆಯಲ್ಲಿ ದೂರವನ್ನು ಮೈಲಿಗಲ್ಲಿನಿಂದ ಅಳೆಯುತ್ತೀರೇನೋ, ಮಿತ್ರರೇ; ಶಹಾಪುರದ ನಮ್ಮ ಮನೆಯಲ್ಲಿ ಅದಕ್ಕೆ ರೊಟ್ಟಿಯೇ ಅಳತೆ. ಸುರಪುರಕ್ಕೋ, ಭೀಮೆ ದಾಟಿ ಯಾದಗಿರಿಗೋ ಹೊರಟವರಿಗೆ ಆಗತಾನೆ ಬಡಿದ ಮೆತ್ತನೆ ಜೋಳದ ರೊಟ್ಟಿ. ರಾತ್ರಿ ಕಳೆದು ಮುಟ್ಟುವ ಊರಿಗೆ ಹಪ್ಪಳದಂತೆ ಒಣಗಿದ ಖಡಕ್ ರೊಟ್ಟಿ. ಬುತ್ತಿ ನೋಡಿಯೇ ಓಣಿಯವರು ಪ್ರಯಾಣವನ್ನು ಊಹಿಸಿಬಿಡುತ್ತಿದ್ದರು.

ತಂಗಿ ಶಾಂತಾ ಸೈನಿಕನ ಕೈಹಿಡಿದು ಗುವಾಹಟಿಗೆ ಹೋದಾಗಿನಿಂದ ಅವಳ ಪಾಲಿಗೆ ಬಂದದ್ದು ಖಡಕ್ ರೊಟ್ಟಿಯೇ. ರೈಲಿನಲ್ಲಿ ಹಗಲು ರಾತ್ರಿ ಉರುಳಿದರೂ ಮುಗಿಯದ ದಾರಿ ಅದು. ಒಣರೊಟ್ಟಿಯ ಊರಿಗೆ ಮಗಳನ್ನು ಕೊಟ್ಟೆನಲ್ಲ ಎಂದು ಅವ್ವ ಹಿಟ್ಟು ನಾದುವಾಗಲೆಲ್ಲ ಹಲುಬುತ್ತಿದ್ದಳು.

ಹೋದ ವರ್ಷ ಶಾಂತಾಳಿಗೆ ಹುಟ್ಟಿದ ಕೂಸು ಕೈಗೆ ದಕ್ಕಲಿಲ್ಲ. ಅವಳು ಅನ್ನ ಮುಟ್ಟುತ್ತಿಲ್ಲ, ನೀವು ಬರದಿದ್ದರೆ ಇವಳೂ ಉಳಿಯಲಿಕ್ಕಿಲ್ಲ ಎಂದು ಅಳಿಯ ಫೋನಿನಲ್ಲಿ ಅತ್ತುಬಿಟ್ಟ. ಹಿರಿಮಗಳಾದ ನಾನು ವಿಮಾನದ ಟಿಕೆಟ್ ತೆಗೆಸಿ, ಹೈದರಾಬಾದಿನಿಂದ ಬರೀ ಮೂರು ತಾಸಿನ ಹಾದಿ ಎಂದು ಅವ್ವನಿಗೆ ಧೈರ್ಯ ಹೇಳಿದೆ. ನಮ್ಮ ಹೊಲವಿರುವುದು ಕಾಲುವೆಯ ಕಟ್ಟಕಡೆಯ ತುದಿಯಲ್ಲಿ. ನಾರಾಯಣಪುರದ ಅಣೆಕಟ್ಟಿನಲ್ಲಿ ನೀರು ಬಿಟ್ಟ ಸುದ್ದಿ ಕೇಳಿ, ಆಮೇಲೆ ಎಷ್ಟೋ ದಿನ ಬದುವಿನ ಮೇಲೆ ಕೂತು ಕಾದವಳು ಅವ್ವ.

“ಗೇಟ್ ಎತ್ತಿದ ಕೂಡ್ಲೆ ನೀರು ನಮ್ಮ ಹೊಲಕ್ಕ ಬರ್ತದೇನವ್ವಾ?” ಎಂದು ನನ್ನನ್ನೇ ಕೇಳಿದಳು.

ಹಾಗೆಂದವಳೇ ಹೊರಡುವ ದಿನ ಕೋಳಿ ಕೂಗುವ ಮುಂಚೆ ಎದ್ದು ಮೆತ್ತನೆ ರೊಟ್ಟಿ ಬಡಿದು, ಬಟ್ಟೆ ಹಸಿಮಾಡಿ ಸುತ್ತಿದಳು. ಖಡಕ್ ರೊಟ್ಟಿಯೇ ವಾಸಿ ಎಂದೆ. ಕೇಳಬೇಕಲ್ಲ, ಮಹಾತಾಯಿ!

ಯಾದಗಿರಿಯಲ್ಲಿ ರೈಲು ತಡ. ಹೈದರಾಬಾದಿನಲ್ಲಿ ಸಾಲು, ತಪಾಸಣೆ, ಮತ್ತೆ ಸಾಲು. ಹಾರುವುದಕ್ಕೆ ಮೂರು ತಾಸಾದರೆ ಹಾರಲು ಅಣಿಯಾಗುವುದಕ್ಕೇ ಅರ್ಧ ಹಗಲು. ನಲ್ಲಿ ಕಂಡಲ್ಲೆಲ್ಲ ಅವ್ವ ಬುತ್ತಿಗೆ ನೀರು ಚಿಮುಕಿಸಿದಳು. ವಿಮಾನದಲ್ಲಿ ಕುಡಿಯಲೆಂದು ಕೊಟ್ಟ ನೀರೂ ಬಟ್ಟೆಯ ಪಾಲಾಯಿತು. ಮೋಡದ ಮೇಲಿದ್ದೇವೆ ನೋಡು ಎಂದರೆ ಕಿಟಕಿಯತ್ತ ತಿರುಗಲೇ ಇಲ್ಲ. ಹಸಿವೆಂದು ನಾನು ಬುತ್ತಿಗೆ ಕೈ ಹಾಕಿದರೆ ಕೈಗೊಂದು ಪೆಟ್ಟು ಬಿತ್ತು. ದೂರವೆಂಬುದು ನೆಲದ ಗುಣವೋ, ಹಂಬಲಿಸುವ ಜೀವದ ಗುಣವೋ ಎಂದು ಯೋಚಿಸುತ್ತ ಕುಳಿತೆ.

ದೀಪ ಹಚ್ಚುವ ಹೊತ್ತಿಗೆ ಗುವಾಹಟಿಯ ಮನೆ ಮುಟ್ಟಿದೆವು. ಶಾಂತಾ ಗೋಡೆಯತ್ತ ಮುಖಮಾಡಿ ಮಲಗಿದ್ದಳು. ಅವ್ವ ಬುತ್ತಿ ಬಿಚ್ಚಿ, ಮಗಳ ಕೈ ಹಿಡಿದು ರೊಟ್ಟಿಯ ಮೇಲಿಟ್ಟಳು. ಶಾಂತಾಳ ಬೆರಳು ಮೆಲ್ಲಗೆ ಅದನ್ನು ಒತ್ತಿ ನೋಡಿತು.

“ಅವ್ವಾ, ಇನ್ನಾ ಮೆತ್ತಗದಾವಲ್ಲ...”

“ಹೂಂ ಯವ್ವಾ. ಇವತ್ತ ಮುಂಜಾನಿ ನಮ್ಮ ಮನ್ಯಾಗ ಬಡಿದೇನಿ. ಮೆತ್ತನ ರೊಟ್ಟಿಯಷ್ಟ ದೂರ ಅದೀ ನೀ.”

ಶಾಂತಾ ಎದ್ದು ಕುಳಿತು, ಅಳುತ್ತಲೇ ಒಂದು ತುತ್ತು ಮುರಿದಳು. ಅವಳು ಇಡೀ ರೊಟ್ಟಿ ತಿಂದ ಮೇಲೆಯೇ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ತಿಂಗಳ ಮೇಲೆ ನಾವು ಹೊರಟಾಗ ಶಾಂತಾ ತಾನೇ ಒಲೆಯ ಮುಂದೆ ನಿಂತು ಮೆತ್ತನೆ ರೊಟ್ಟಿ ಬಡಿದು, ಅದೇ ಬಟ್ಟೆಯನ್ನು ಹಸಿಮಾಡಿ ಸುತ್ತಿಕೊಟ್ಟಳು. ಶಹಾಪುರ ಮುಟ್ಟುವತನಕ ಅವ್ವ ಅದಕ್ಕೆ ನೀರು ಚಿಮುಕಿಸುತ್ತಲೇ ಬಂದಳು.