ಅಪ್ಪನ ಕುರ್ಚಿಯ ಬೆನ್ನು

ನನ್ನ ತಮ್ಮನ ಮೂಗಿಗೆ ವಾಸನೆ ತಿಳಿಯುವುದಿಲ್ಲ. ಅದರ ತುದಿಯಲ್ಲಿ ಕೋಪ ಮಾತ್ರ ಸದಾ ಕೂತಿರುತ್ತದೆ. ಸೋಫಾ, ಕುರ್ಚಿಗಳಿಗೆ ಕುಶನ್ ಹಾಕುವುದು ಅವನ ಕಸುಬು, ಅಪ್ಪನದೂ ಅದೇ. ಫೋಮು ಅಂಟಿಸುವ ಸಲ್ಯೂಷನ್ನಿನ ಘಾಟು ಕುಡಿದೂ ಕುಡಿದೂ ಇಬ್ಬರ ಮೂಗೂ ಕೆಲಸ ಬಿಟ್ಟಿವೆ. ಒಲೆಯ ಮೇಲೆ ಹಾಲು ಸೀದು ಕರಕಲಾದರೂ ಪಕ್ಕದಲ್ಲೇ ಕೂತು ಹರಟುವ ಜನ ಇವರು. ನಾನು ಮದುವೆಯಾಗಿ ಬೇರೆ ಊರಿಗೆ ಹೋಗುವ ತನಕ ಆ ಮನೆಗೆಲ್ಲ ಇದ್ದದ್ದು ನನ್ನದೊಂದೇ ಮೂಗು. ತಮ್ಮ ಮದುವೆಯ ಗೋಜಿಗೆ ಹೋಗಲಿಲ್ಲ. ಆಮೇಲೆ ಅಲ್ಲಿ ಉಳಿದವರು ಅಪ್ಪ, ತಮ್ಮ, ದೊರೆ. ದೊರೆ ಅಂದರೆ ಬೆಕ್ಕು, ಬೂದು ಬಣ್ಣದ ಗಂಡು. ಯಾವ ಹೊಸ ಕುಶನ್ ಮೇಲೂ ಮೊದಲು ಅವನು ಕೂತು ನೋಡಬೇಕು, ಗಿರಾಕಿಯ ಸರದಿ ಆಮೇಲೆ.

ಕೆಲಸ ನಡೆಯುವುದು ಮುಂದಿನ ಕೋಣೆಯಲ್ಲಿ. ಬಿಚ್ಚಿದ ಸೋಫಾಗಳ ನಡುವೆ, ಕಿಟಕಿಯ ಪಕ್ಕದಲ್ಲಿ ಅಪ್ಪನ ಕುರ್ಚಿ. ಅಪ್ಪ ತನ್ನ ಕೈಯಾರೆ ಮಾಡಿಕೊಂಡದ್ದು. ಅಲ್ಲಿ ಕೂತು ಮೊಳೆ ಆರಿಸಿಕೊಡುತ್ತಾ, "ಬಟ್ಟೆ ಇನ್ನೂ ಸ್ವಲ್ಪ ಎಳೀಬೇಕು ಕಣೋ" ಅಂತ ತಮ್ಮನ ತಲೆ ತಿನ್ನುವುದೇ ಅಪ್ಪನ ದಿನಚರಿ.

ಒಂದು ದಿನ ಸೋಫಾ ರಿಪೇರಿಗೆ ಕೊಡಲು ಬಂದ ಹೆಂಗಸು ಕರವಸ್ತ್ರ ಮೂಗಿಗೆ ಒತ್ತಿಕೊಂಡು, "ಮನೇಲಿ ವಯಸ್ಸಾದವ್ರು ಇದ್ದಾರಲ್ವಾ? ಸ್ವಲ್ಪ ನೋಡ್ಕೊಳ್ಳಿ, ಉಚ್ಚೆ ವಾಸನೆ ಬರ್ತಿದೆ" ಅಂದರಂತೆ. ಅಪ್ಪ ಅಲ್ಲೇ ಕೂತಿದ್ದ. ತಮ್ಮ ಬಗ್ಗಿ ಕುರ್ಚಿಯ ಹಿಂಬದಿಗೆ ಕೈ ಹಾಕಿದ. ಒದ್ದೆ ತಾಗಿತು. ಮಹಾನುಭಾವನಿಗೆ ಅಷ್ಟೇ ಸಾಕಾಯಿತು.

"ಏನಪ್ಪಾ ಇದು? ಎದ್ದು ಹೋಗೋಕೆ ಏನಾಗಿತ್ತು ನಿಂಗೆ? ಗಿರಾಕಿ ಮುಂದೆ ಮಾನ ಕಳೀತಿಯಲ್ಲ!"

"ನಂಗೆ ಗೊತ್ತೇ ಆಗ್ಲಿಲ್ಲ ಕಣೋ" ಅಂದ ಅಪ್ಪ.

ಅವತ್ತೇ ತಮ್ಮ ಕೂರುವ ಜಾಗಕ್ಕೆ ಬಟ್ಟೆಯ ಮೇಲೆಯೇ ರೆಕ್ಸಿನ್ ಹೊದಿಸಿದ, ನೆಲಕ್ಕೆ ಫಿನಾಯಿಲ್ ಸುರಿದ. ಆದರೂ ವಾರದಲ್ಲಿ ಮತ್ತೆ ಒದ್ದೆ, ಮತ್ತೆ ಬೈಗುಳ. ಗಿರಾಕಿ ಬಂದರೆ ಅಪ್ಪ ಒಳಗಿನ ಕೋಣೆಗೆ ಹೋಗಬೇಕು ಅಂತಾಯಿತು. ಅಪ್ಪ ಚಹಾ ಬಿಟ್ಟ. ಊಟದ ಹೊತ್ತಿಗೆ ತುಂಬಿಸಿಟ್ಟ ನೀರಿನ ಲೋಟ ತುಂಬಿಯೇ ಇರುತ್ತಿತ್ತು. ಫೋನಿನಲ್ಲಿ ಕೇಳಿದರೆ, "ಈಗೀಗ ಬಾಯಾರಿಕೆನೇ ಆಗಲ್ಲ ಮಗಳೇ" ಅನ್ನುತ್ತಿದ್ದ. ಕೊನೆಗೆ ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದ. ಮೈಯಲ್ಲಿ ನೀರೇ ಇಲ್ಲ ಅಂತ ಆಸ್ಪತ್ರೆಯಲ್ಲಿ ಬಾಟಲಿ ಹಾಕಿದರು.

ಸುದ್ದಿ ತಿಳಿದು ನಾನು ಸಿಕ್ಕ ಬಸ್ಸು ಹಿಡಿದು ಬಂದೆ. ಅಪ್ಪನನ್ನು ನೋಡಿಕೊಂಡು ಮನೆಗೆ ಹೋಗಿ ಬಾಗಿಲು ತಳ್ಳಿದರೆ, ಅಬ್ಬಬ್ಬಾ!

"ಥೂ! ಇದೇನೋ ಬೆಕ್ಕಿನ ನಾತ!"

ಅಪ್ಪ ಬರುವಷ್ಟರಲ್ಲಿ ಹೊಸ ಫೋಮು ಹಾಕಿಡೋಣ ಅಂತ ತಮ್ಮ ಅದೇ ಕುರ್ಚಿ ಬಿಚ್ಚಿಕೊಂಡು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ.

"ಅಕ್ಕಾ, ಒಳಗೆಲ್ಲ ಒಣಗಿದೆ ನೋಡು."

ರೆಕ್ಸಿನ್ ಹೊದಿಸುವ ಮೊದಲು ಕೂತವರು ಒದ್ದೆ ಮಾಡಿದ್ದರೆ ಅದು ಬಟ್ಟೆ ದಾಟಿ ಫೋಮಿಗೆ ಇಳಿದಿರಬೇಕು, ಕೆಳಗಿನ ಹಲಗೆಗೆ ಕಲೆ ಹತ್ತಿರಬೇಕು. ಎಳೆ ಮಕ್ಕಳಿರುವ ಮನೆಗಳ ಎಷ್ಟು ಸೋಫಾ ಬಿಚ್ಚಿಲ್ಲ ಇವನು! ಇಲ್ಲಿ ಫೋಮು, ಹಲಗೆ ಎರಡೂ ಹೊಸದರ ಹಾಗಿದ್ದವು. ಕಲೆ ಇದ್ದದ್ದು ಬೆನ್ನಿನ ಹೊರಮೈಗೆ, ನೆಲದಿಂದ ಗೇಣೆತ್ತರದಲ್ಲಿ. ಕುರ್ಚಿಯಲ್ಲಿ ಕೂತ ಮನುಷ್ಯ ಅಲ್ಲಿಗೆ ಹೊಯ್ಯುವುದಾದರೂ ಹೇಗೆ?

"ಗಿರಾಕಿ ಕುರ್ಚಿ ಆಗಿದ್ರೆ ಮೊದಲ ದಿನವೇ ಬಿಚ್ಚಿ ನೋಡ್ತಿದ್ದೆ" ಅಂದ. ಹಾಗಂದವನೇ ಅತ್ತುಬಿಟ್ಟ. ಆಮೇಲೆ ಕಣ್ಣೊರೆಸಿಕೊಂಡು, ದೊರೆಯನ್ನು ಹೊರಗೆ ಎಸೆಯುತ್ತೇನೆ ಅಂತ ಎದ್ದ.

"ಎಸಿ ಎಸಿ. ಅಪ್ಪನ್ನ ಒಳಗೆ ಕೂರಿಸಿದ್ದಾಯ್ತು, ಈಗ ಅದನ್ನ ಬೀದಿಗೆ ಹಾಕು. ನೀನು ಮಾತ್ರ ಸಾಚಾ!" ಅಂತ ಗದರಿ, ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಸಿ ಪ್ರಾಣಿಗಳ ಡಾಕ್ಟರ ಹತ್ತಿರ ತಮ್ಮನನ್ನೂ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಪರೀಕ್ಷೆ ಮಾಡಿ, ರೋಗವೇನೂ ಇಲ್ಲ ಅಂದರು. "ಬಾಲ ಎತ್ತಿ ನಡುಗಿಸಿ ಹಿಂದಕ್ಕೆ ಚಿಮ್ಮಿಸುತ್ತೆ, ಇದು ನನ್ನ ಜಾಗ ಅಂತ. ಗಂಡು ಬೆಕ್ಕಲ್ವಾ. ಮನೆಗೆ ಬೇರೆ ಬೆಕ್ಕು ಬರುತ್ತಾ?"

"ಇಲ್ಲ ಮೇಡಂ" ಅಂದ ತಮ್ಮ.

"ಬೇರೆ ಬೆಕ್ಕಿನ ವಾಸನೆ?"

ತಮ್ಮನ ಮುಖ ಬಿಳುಚಿತು. "ಊರವರ ಸೋಫಾ ಎಲ್ಲ ನಾನೇ ಹೊತ್ತು ತರ್ತೀನಿ" ಅಂದ. ಕಂಡವರ ಮನೆ ಬೆಕ್ಕುಗಳು ಮಲಗಿ ಎದ್ದ ಸೋಫಾಗಳು. ಅವುಗಳ ನಡುವೆ ದೊರೆಗೆ ನಮ್ಮದು ಅಂತ ಕಂಡದ್ದು ಅಪ್ಪನ ಕುರ್ಚಿಯೊಂದೇ.

ಬೀಜ ತೆಗೆಯುವ ಆಪರೇಷನ್ ಮಾಡಿಸಬೇಕು, ಹೊರಗಿನ ಸೋಫಾಗಳನ್ನು ಬೇರೆ ಕಡೆ ಇಡಬೇಕು, ಹೊಡೆಯಕೂಡದು, ಹೆದರಿದರೆ ಇನ್ನೂ ಹೆಚ್ಚು ಮಾಡುತ್ತದೆ ಅಂದರು. ಫಿನಾಯಿಲ್ ಅಂತೂ ಬೆಕ್ಕಿಗೆ ವಿಷವಂತೆ. ಕಲೆ ತೊಳೆಯಲು ಬೇರೆ ಔಷಧಿ ಕೊಟ್ಟರು. ತಮ್ಮ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದ. ಹಿತ್ತಲಿನಲ್ಲಿ ತಗಡಿನ ಶೆಡ್ಡು ಎದ್ದಿತು. ತಿಂಗಳು ಒಂದೂವರೆ ಆಗುವಷ್ಟರಲ್ಲಿ ದೊರೆಯ ಚಾಳಿ ನಿಂತಿತು.

ಅದಕ್ಕೂ ಮೊದಲೇ, ಅಪ್ಪ ಆಸ್ಪತ್ರೆಯಿಂದ ಬಂದ ದಿನವೇ ತಮ್ಮ ಕುರ್ಚಿಯ ಮುಂದೆ ನೆಲದ ಮೇಲೆ ಕೂತು ಹೇಳಿದ. "ಅಪ್ಪಾ, ಅದು ನೀನಲ್ಲ. ಬೆಕ್ಕು. ನಾನು ಸುಮ್ ಸುಮ್ನೆ ನಿನ್ನ ಬೈದೆ."

"ನಾನಲ್ವಾ? ನೀನು ಹೇಳಿದ್ಮೇಲೆ ನಾನೇ ಇರ್ಬೇಕು ಅಂದ್ಕೊಂಡಿದ್ದೆ" ಅಂದ ಅಪ್ಪ. ಆಮೇಲೆ, "ಹಂಗಾದ್ರೆ ಒಂದು ಲೋಟ ನೀರು ಕೊಡಪ್ಪ. ತುಂಬಾ ದಾಹ."

ನೀರು ತರಲು ಹೋದ ತಮ್ಮ ಅಡುಗೆಮನೆಯಿಂದ ಬರಲೇ ಇಲ್ಲ. ನಾನೇ ಹೋಗಿ ತಂದುಕೊಟ್ಟೆ.

ಈಗ ನಾನು ಹೋದಾಗೆಲ್ಲ ಆ ಮನೆ ಸಲ್ಯೂಷನ್ ವಾಸನೆಯನ್ನಷ್ಟೇ ಹೊಡೆಯುತ್ತದೆ. ಅಪ್ಪ ಚಹಾ ಕುಡಿಯುತ್ತಾನೆ, ಮೊಳೆ ಆರಿಸುತ್ತಾನೆ, ತಮ್ಮನನ್ನು ಹಂಗಿಸುತ್ತಾನೆ. ಆದರೆ ಕುರ್ಚಿಯಿಂದ ಎದ್ದಾಗೆಲ್ಲ ಕೈಯನ್ನು ಹಿಂದಕ್ಕೆ ಚಾಚಿ, ಕೂತ ಜಾಗ ಒಣಗಿದೆಯೋ ಅಂತ ಮೆಲ್ಲಗೆ ಮುಟ್ಟಿ ನೋಡುತ್ತಾನೆ. ತಮ್ಮ ಆಗ ಸುತ್ತಿಗೆ ಕೆಳಗಿಟ್ಟು ಗೋಡೆಯ ಕಡೆ ತಿರುಗುತ್ತಾನೆ.