ಧಣಿ ಹೊಡೆಯದೆ ಬಿಟ್ಟ ವಜೀರ

ಚದುರಂಗದ ಪುಸ್ತಕಗಳಲ್ಲಿ ಅಮೋಘವಾದ ನಡೆಯ ಪಕ್ಕ ಎರಡು ಆಶ್ಚರ್ಯಸೂಚಕ ಚಿಹ್ನೆ ಹಾಕುತ್ತಾರೆ. ದೊಡ್ಡ ಕಾಯಿ ಬಲಿ ಕೊಟ್ಟಿರಬೇಕು, ಎದುರಾಳಿ ಏನು ಮಾಡಿದರೂ ಉಳಿಯಬಾರದು, ಆಗ ಆ ಮರ್ಯಾದೆ. ನನ್ನ ಜೀವಮಾನದ ಅತ್ಯುತ್ತಮ ನಡೆಗೆ ಯಾವ ಪುಸ್ತಕವೂ ಆ ಮರ್ಯಾದೆ ಕೊಡುವುದಿಲ್ಲ. ಶುದ್ಧ ತಪ್ಪು ಎಂದೇ ಬರೆದೀತು. ಬರೆದುಕೊಳ್ಳಲಿ, ನನಗೇನೂ ಬೇಜಾರಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಬಂಕಾಪುರದ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಮಾಸ್ತರನಾಗಿ ಹೋದೆ. ಅಲ್ಲಿನ ದೊಡ್ಡ ಜಮೀನುದಾರರನ್ನು ಊರೆಲ್ಲ ಧಣಿ ಎನ್ನುತ್ತಿತ್ತು. ಅವರಿಗೆ ಚದುರಂಗದ ಹುಚ್ಚು, ಸರಿಸಮನಾಗಿ ಆಡಬಲ್ಲವನು ನಾನೊಬ್ಬನೇ. ಆದರೆ ನಾನು ಯಾವ ಕೇರಿಯವನೆಂದು ಅವರಿಗೆ ಮೊದಲ ವಾರವೇ ಗೊತ್ತಾಗಿತ್ತು. ನಾವು ಬೌದ್ಧರಾಗಿ ಎಷ್ಟೋ ವರ್ಷವಾಗಿತ್ತು. ಆ ಊರಿನವರಿಗೆ ಅದು ಲೆಕ್ಕಕ್ಕೇ ಇರಲಿಲ್ಲ.

"ಮೆಟ್ಟಲ ಮ್ಯಾಲೆ ಕುಂದರ್ರಿ ಮಾಸ್ತರ," ಅಂದರು. "ನೀವು ಬಾಯಿಲೆ ಹೇಳ್ರಿ, ನಿಮ್ಮ ಕಾಯಿ ನಾನ ನಡಸ್ತೇನಿ."

ಬಹುವಚನಕ್ಕೇನೂ ಕಡಿಮೆ ಇರಲಿಲ್ಲ. ಮೂರು ವರ್ಷ ಸಂಜೆ ಸಂಜೆ ಆ ಕಲ್ಲಿನ ಮೆಟ್ಟಿಲ ಮೇಲೆ ಕೂತು, ಕಟ್ಟೆಯ ಮೇಲಿನ ಹಲಗೆಯತ್ತ ಕತ್ತು ಚಾಚಿ, ಯಾವ ಕಾಯಿ ಎಲ್ಲಿಗೆಂದು ಕೂಗಿ ಹೇಳಿದೆ. ಯಾಕೆ ಹೋಗುತ್ತಿದ್ದೆ ಎಂದು ನೀವು ಕೇಳಬಹುದು. ಆಟದ ಚಟ, ಜೊತೆಗೆ ಹೊಸ ಕೆಲಸದ ಅಂಜಿಕೆ. ಎರಡಕ್ಕೂ ಈಗ ನಾಚಿಕೆಯಾಗುತ್ತದೆ. ನಾನು ಒಳ್ಳೆಯ ನಡೆ ಹೇಳಿದಾಗಲೆಲ್ಲ ಸುತ್ತ ಕೂತವರು ಧಣಿಯ ಕೈಗುಣವನ್ನು ಹೊಗಳುತ್ತಿದ್ದರು, ಕಾಯಿ ಎತ್ತಿಟ್ಟ ಕೈ ಅವರದಲ್ಲವೇ! ಧಣಿ ಮೀಸೆಯಡಿ ನಗುತ್ತಿದ್ದರು. ಒಂದು ದಿನ ನಾಲ್ಕು ಮಂದಿಯ ಮುಂದೆ, ನನ್ನ ಕೈಯಿಂದಲೇ, ಇವರನ್ನು ಸೋಲಿಸದೆ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡೆ.

ವರ್ಗವಾಗಿ ಶಿಗ್ಗಾಂವಕ್ಕೆ ಬಂದ ಮೇಲೂ ಆ ಸಿಟ್ಟು ಆರಲಿಲ್ಲ. ಎಂಬತ್ತರ ದಶಕದಲ್ಲಿ ಅಲ್ಲಿನ ಕೆಲವು ಕಾಳಿನ ವ್ಯಾಪಾರಿಗಳು ಒಂದು ಗೋದಾಮು ಖಾಲಿ ಮಾಡಿಸಿ ಚದುರಂಗದ ಪಂದ್ಯ ಇಟ್ಟರು. ಹಾನಗಲ್ಲು, ಸವಣೂರು, ಹಿರೇಕೆರೂರಿನಿಂದಲೂ ಆಟಗಾರರು ಬಂದರು. ಧಣಿ ಬರುತ್ತಾರೆಂದು ತಿಳಿದೇ ನಾನು ಹೆಸರು ಕೊಟ್ಟಿದ್ದೆ. ಮೂರನೆಯ ಸುತ್ತಿನಲ್ಲಿ ಅವರು ನನ್ನ ಎದುರಿಗೆ ಬಂದರು. ನನ್ನನ್ನು ನೋಡಿ ಮುಖ ಹುಳ್ಳಗಾಯಿತು. ಹಿಂದೆ ಅವರ ಊರಿನವರೇ ನಿಂತಿದ್ದರಿಂದ ಎದ್ದು ಹೋಗುವಂತಿರಲಿಲ್ಲ.

ಅವರ ಎದುರು ಮೊದಲ ಬಾರಿಗೆ ನನ್ನ ಕಾಯಿಗಳನ್ನು ನಾನೇ ನಡೆಸಿದೆ. ನನ್ನ ಒಂದು ಪೇದೆಯನ್ನು ಹೊಡೆಯುವಾಗ ಧಣಿ ತಮ್ಮ ಆನೆಯ ಬುಡದಿಂದ ಅದನ್ನು ತಳ್ಳಿ ಆಚೆ ಉರುಳಿಸಿದರು. ನಿರ್ಣಾಯಕರಾಗಿದ್ದ ಡ್ರಿಲ್ ಮಾಸ್ತರರು, ಹಾಗೆ ತಳ್ಳುವಂತಿಲ್ಲ, ಹೊಡೆದ ಕಾಯಿಯನ್ನು ಕೈಯಿಂದಲೇ ಎತ್ತಬೇಕು ಎಂದು ತಾಕೀತು ಮಾಡಿದರು. ಧಣಿ ಎರಡೇ ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ಬೆರಳನ್ನು ಶಲ್ಯಕ್ಕೆ ಒರೆಸಿಕೊಂಡರು. ಆಮೇಲೆ ಅವರು ನನ್ನ ಒಂದು ಕಾಯಿಯನ್ನೂ ಹೊಡೆಯಲಿಲ್ಲ. ಪುಕ್ಕಟೆ ಸಿಗುತ್ತಿದ್ದ ಕುದುರೆಯನ್ನೂ ಬಿಟ್ಟು ಬೇರೆ ನಡೆ ಹುಡುಕಿದರು.

ಆಗ ನನಗೆ ಆ ನಡೆ ಹೊಳೆಯಿತು. ನಮ್ಮ ಕಡೆ ಮಂತ್ರಿಗೆ ವಜೀರ ಎನ್ನುತ್ತೇವೆ, ಹಲಗೆಯ ಮೇಲೆ ಅದಕ್ಕಿಂತ ಬಲವಾದ ಕಾಯಿ ಇಲ್ಲ. ಆ ವಜೀರನನ್ನು ಬೇಕೆಂದೇ ಅಂಗೈಯಲ್ಲಿ ಇಡಿಯಾಗಿ ಹಿಡಿದು, ಬೆವರು ಹತ್ತುವಷ್ಟು ಹೊತ್ತು ಕೂತೆ. ಆಮೇಲೆ ಧಣಿಯ ರಾಜನ ಮಗ್ಗುಲಿಗೇ ಇಟ್ಟು ಶಹ, ಅಂದರೆ ಚೆಕ್, ಕೊಟ್ಟೆ. ಅದಕ್ಕೆ ನನ್ನ ಯಾವ ಕಾಯಿಯ ಕಾವಲೂ ಇರಲಿಲ್ಲ. ರಾಜನಿಂದ ಹೊಡೆದರೆ ನನ್ನ ಕತೆ ಮುಗಿಯಿತು. ಹೊಡೆಯದೆ ರಾಜನನ್ನು ಸರಿಸಿದರೆ ಮುಂದಿನ ನಡೆಗೆ ಅವರ ಕತೆ ಮುಗಿಯಿತು. ಮಾಸ್ತರಿಗೆ ತಲೆ ಕೆಟ್ಟಿದೆ ಎಂದು ಹಿಂದೆ ಯಾರೋ ಗೊಣಗಿದರು.

ಧಣಿಯ ಕೈ ವಜೀರನವರೆಗೆ ಬಂದು ನಿಂತಿತು. ಹೊರಗೆ ಹೆದ್ದಾರಿಯಲ್ಲಿ ಎರಡು ಲಾರಿ ಹೋಗುವಷ್ಟು ಹೊತ್ತು ಅಲ್ಲೇ ಇತ್ತು. ಕಡೆಗೆ ಕೈ ಹಿಂದಕ್ಕೆ ತೆಗೆದುಕೊಂಡು ರಾಜನನ್ನು ಒಂದು ಮನೆ ಸರಿಸಿದರು. ನಾನು ವಜೀರನನ್ನು ಮೂಲೆಗೆ ಒಯ್ದು ಮಾತ್ ಎಂದೆ. ಆಟ ಮುಗಿಯಿತು.

ಡ್ರಿಲ್ ಮಾಸ್ತರರು ಹಲಗೆಯ ಮೇಲೆ ಬಗ್ಗಿ, ಧಣಿಯವರು ವಜೀರನನ್ನು ಯಾಕೆ ಹೊಡೆಯಲಿಲ್ಲವೋ ತಮಗೆ ತಿಳಿಯುತ್ತಿಲ್ಲ ಎಂದರು. ನನಗೆ ತಿಳಿದಿತ್ತು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಮುಟ್ಟಿದ್ರ ಗೆದ್ದಿರ್ತಿದ್ರಿ, ಧಣ್ಯಾರ. ನೀವು ಮುಟ್ಟೂದಿಲ್ಲ ಅಂತ ನನಗ ಗೊತ್ತಿತ್ತು."

ಅವರ ಊರಿನವರೇ ಅವರ ಬೆರಳುಗಳನ್ನು ನೋಡುತ್ತಿದ್ದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಹೇಳಿದರೆ ನೀವು ನನ್ನನ್ನು ಸಣ್ಣ ಮನುಷ್ಯ ಎಂದೀರಿ. ನನ್ನನ್ನು ಮುಟ್ಟಲಿಕ್ಕೆ ತಮಗೇನೂ ಅಡ್ಡಿಯಿಲ್ಲ ಎಂದು ಜನಕ್ಕೆ ತೋರಿಸಲಿಕ್ಕೋ ಏನೋ, ಧಣಿ ಎದ್ದು ನಿಂತು ನನ್ನತ್ತ ಬಲಗೈ ಚಾಚಿದರು. ನಾನು ಎರಡೂ ಕೈ ಕಟ್ಟಿಕೊಂಡು, ಅವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವವರೆಗೂ ಸುಮ್ಮನೆ ಕೂತಿದ್ದೆ.