ಶುಕ್ರವಾರ ಮನೆಯಲ್ಲಿರುವುದಿಲ್ಲ ಎಂಬ ಕರಾರು

ದೋಹಾಕ್ಕೆ ಬಂದ ಮೊದಲ ಶುಕ್ರವಾರ ಬೆಳಿಗ್ಗೆ ಹಾಲು ತರಲು ಬೀದಿಗಿಳಿದವಳು ಅಲ್ಲೇ ನಿಂತುಬಿಟ್ಟೆ. ಒಂದು ಅಂಗಡಿಯ ಶಟರೂ ಎದ್ದಿರಲಿಲ್ಲ. ರಸ್ತೆಯಲ್ಲಿ ನರಪಿಳ್ಳೆಯಿಲ್ಲ, ಸಿಗ್ನಲ್ ಮಾತ್ರ ತನ್ನಷ್ಟಕ್ಕೆ ಕೆಂಪು, ಹಸಿರು ಆಗುತ್ತಿತ್ತು. ನಮ್ಮ ಕಾರ್ಕಳದಲ್ಲಿ ಹೀಗಾದರೆ ಅದಕ್ಕೆ ಅರ್ಥ ಒಂದೇ. ನಾನು ಮೊದಲ ಕೆಲವು ದಿನ ಇಳಿದುಕೊಂಡಿದ್ದ ಕಟ್ಟಡದ ಕಾವಲುಗಾರ ಕಾಸರಗೋಡಿನವನು. ಅವನನ್ನೇ ಕೇಳಿದೆ: "ಇವತ್ತು ಬಂದ್ ಉಂಟಾ? ಯಾವ ಪಾರ್ಟಿಯದ್ದು?"

ಅವನು ನಕ್ಕ. "ಶುಕ್ರವಾರ ಅಲ್ಲವಾ ಅಕ್ಕ. ಜುಮಾ ನಮಾಜು ಮುಗಿಯುವವರೆಗೆ ಎಲ್ಲ ಮಾಫಿ. ಇಲ್ಲಿ ಕರೆ ಕೊಡುವುದು ದೇವರೇ."

ಮಾಫಿ ಎಂದರೆ ಇಲ್ಲ. ಇಲ್ಲಿ ಮೊದಲು ಕಲಿಯುವ ಪದ ಅದು, ಮೊದಲು ಸಿಗುವ ಉತ್ತರವೂ ಅದೇ.

ನಾನು ಊರಿನಲ್ಲಿ ಮನೆಮನೆಗೆ ಹೋಗಿ ಸೀರೆ, ನೈಟಿ ಮಾರಿ ಮೇಲೆ ಬಂದವಳು. ಆ ಬಾಯಿಯ ಬಲದಿಂದಲೇ ಬಟ್ಟೆ ಸಗಟು ವ್ಯಾಪಾರದ ಆಫೀಸೊಂದರಲ್ಲಿ ಕೆಲಸ ಸಿಕ್ಕಿತು. ಆದರೆ ವಾಸಕ್ಕೆ ಜಾಗ ನಾನೇ ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ವಾಪಸ್ ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು. ಒಂಟಿ ಹೆಂಗಸಿಗೆ ಇಲ್ಲಿ ಕೋಣೆ ಸಿಗುವುದು ಸುಲಭವಲ್ಲ. ಸಿಕ್ಕಿದ್ದು ಅಬು ಹಮೂರಿನಲ್ಲಿ, ಒಂದು ವಿಲ್ಲಾದ ಹಿಂಭಾಗ ಹಿಡಿದಿದ್ದ ನಮ್ಮ ಕಡೆಯ ಬ್ಯಾರಿ ಮುಸ್ಲಿಂ ಕುಟುಂಬದಲ್ಲಿ. ಹಮೀದಾಕ, ಅವರ ಹೆಂಡತಿ ಆಯಿಶಕ್ಕ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಊಟ ಸೇರಿಸಿ ಬಾಡಿಗೆ. ಮಾತು ತುಳುವಿನಲ್ಲಿ, ಓದುವವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಇಲ್ಲಿಗೆ ಬರುವ ಹುಡುಗಿಯರಿಗೆ ಒಂದು ಬುದ್ಧಿಮಾತು: ಕೋಣೆ ನೋಡುವ ಮೊದಲು ಅಡುಗೆಮನೆ ನೋಡಿ. ಒಲೆ ಉಜ್ಜಿಟ್ಟಿದ್ದರೆ ಮನೆಯನ್ನು ನಂಬಬಹುದು. ನಾನು ಒಲೆ ನೋಡಿದೆ, ಒಪ್ಪಿದೆ, ಆಮೇಲೆ ಚೌಕಾಸಿಗೆ ಇಳಿದೆ. ಆಯಿಶಕ್ಕ ಜಗ್ಗದಿದ್ದಾಗ ಕೊನೆಯ ಬಾಣ ಬಿಟ್ಟೆ: "ಶುಕ್ರವಾರ ನಾನು ಇರುವುದೇ ಇಲ್ಲ. ದುಖಾನಿನಲ್ಲಿ ನನ್ನ ದೊಡ್ಡಮ್ಮನ ಮಗಳಿದ್ದಾಳೆ, ಅಲ್ಲಿಗೆ ಹೋಗುತ್ತೇನೆ. ನಾಲ್ಕು ಶುಕ್ರವಾರದ ಊಟ ಕಳೆಯಿರಿ." ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಕಳೆದರು. ಗೆದ್ದೆ ಅಂದುಕೊಂಡೆ.

ದುಖಾನಿನಲ್ಲಿ ನನಗೆ ಯಾರೂ ಇರಲಿಲ್ಲ. ಅದು ಪಶ್ಚಿಮದ ಕಡಲ ಬದಿಯ ಎಣ್ಣೆ ಊರು, ದೂರದ ದಾರಿ. ಯಾರೂ ಹೋಗಿ ವಿಚಾರಿಸಲಾರರು ಎಂದೇ ಆ ಹೆಸರು ಹೇಳಿದ್ದೆ.

ಆಡಿದ ಮಾತಿಗೆ ತಪ್ಪುವವಳು ನಾನಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಹೊರಟುಬಿಡುತ್ತಿದ್ದೆ. ಊರಿನ ಭಾನುವಾರದಲ್ಲಿ ಬಟ್ಟೆ ಒಗೆದು, ತಲೆಗೆ ಎಣ್ಣೆ ಹಚ್ಚಿ, ಮಧ್ಯಾಹ್ನ ಮಲಗುತ್ತಿದ್ದವಳಿಗೆ ಇಲ್ಲಿ ರಜೆ ಎಂದರೆ ಗೋಡೆಯ ನೆರಳು ಹುಡುಕುವ ಕೆಲಸ. ಮಂಗಳೂರಿನ ಕ್ರಿಶ್ಚಿಯನ್ನರು ಭಾನುವಾರದ ಪೂಜೆಯನ್ನು ಶುಕ್ರವಾರಕ್ಕೆ ತಂದುಕೊಂಡು ಚರ್ಚಿಗೆ ಹೋಗುತ್ತಿದ್ದರು, ಉಳಿದವರು ಮಸೀದಿಗೆ. ನಾನು ಮೀನು ಮಾರುಕಟ್ಟೆಗೆ. ಬೆಳಿಗ್ಗೆಯೇ ತೆರೆದಿರುತ್ತಿದ್ದದ್ದು ಅದೊಂದೇ. ಕೊಳ್ಳುವುದೇನಿಲ್ಲ, ಸುಮ್ಮನೆ ಬೆಲೆ ಕೇಳುವುದು. ನಮ್ಮ ಅಂಜಲ್ ಮೀನು ಇಲ್ಲಿ ಚನಾದ್. ಬೆಲೆ ಇಳಿಸಿ ಇಳಿಸಿ, ವ್ಯಾಪಾರಿ "ಆಖಿರ್ ಕಲಾಮ್," ಅಂದರೆ ಇದೇ ಕೊನೆಯ ಮಾತು, ಎನ್ನುವವರೆಗೆ ಎಳೆದು ಮುಂದೆ ಹೋಗುತ್ತಿದ್ದೆ. ಆಮೇಲೆ ಖುಬೂಸು ರೊಟ್ಟಿ, ಬಾಳೆಹಣ್ಣು ತಿಂದು ಸಂಜೆಯವರೆಗೆ ಹೊತ್ತು ಕಳೆಯಬೇಕು. ಯಾರೊಡನೆಯೂ ಒಂದು ಮಾತಿಲ್ಲ.

ಮೂರನೇ ತಿಂಗಳಿನ ಒಂದು ಗುರುವಾರ ಸಂಜೆ. ನಾನು ಹಿತ್ತಿಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಒಳಗಿನಿಂದ ಆಯಿಶಕ್ಕನ ಸ್ವರ ಕೇಳಿಸಿತು: "ಈ ತಿಂಗಳು ಕಳೆಯಲಿ, ಅವಳ ಕಡೆಯವರ ಮನೆ ಯಾವುದಾದರೂ ನೋಡ್ಲಿಕ್ಕೆ ಹೇಳುವಾ. ಅವಳಿಗೂ ಕಷ್ಟ, ನಮಗೂ ಬೇಜಾರು."

ಒಣಗಿದ ಬಟ್ಟೆಯನ್ನು ಮತ್ತೆ ಹಗ್ಗಕ್ಕೇ ಹಾಕಿಬಿಟ್ಟೆ. ಏನು ತಪ್ಪು ಮಾಡಿದೆ? ಕೋಣೆ ಹೋದರೆ ಕೆಲಸವೂ ಹೋದಂತೆ.

ಮರುದಿನ ಎಂದಿನಂತೆ ಮಾರುಕಟ್ಟೆಗೆ ಹೋದೆ. ಬೆಲೆ ಕೇಳುವ ಮನಸ್ಸಿರಲಿಲ್ಲ. ಅಷ್ಟರಲ್ಲಿ ಯಾರೋ ಒಬ್ಬರು ಅಂಜಲೊಂದನ್ನು ವ್ಯಾಪಾರಿ ಹೇಳಿದ ಬೆಲೆಗೇ ಚೀಲಕ್ಕೆ ಹಾಕಿಸಿಕೊಳ್ಳುವುದು ಕಂಡಿತು. ನನಗೆ ತಡೆಯಲಾಗಲಿಲ್ಲ. ನುಗ್ಗಿ ಮೀನಿನ ಕಿವಿರು ಎತ್ತಿದೆ. "ಇದು ನಿನ್ನೆಯದ್ದು ಭಾಯಿ! ಒಳಗೆಲ್ಲ ಕಪ್ಪು! ಬೇರೆ ಕೊಡು, ಅರ್ಧ ಬೆಲೆಗೆ ಕೊಡು!" ಬಂಗಾಳಿ ವ್ಯಾಪಾರಿ ಗೊಣಗುತ್ತ ಬೇರೆ ಮೀನು ತೂಗಿದ. ಆಮೇಲಷ್ಟೇ ಪಕ್ಕದವರ ಮುಖ ನೋಡಿದೆ.

ಹಮೀದಾಕ.

"ನೀನು ದುಖಾನಿಗೆ ಹೋಗ್ಲಿಲ್ಲವಾ, ಮೋಹಿನಿ?"

ಬೇರೆ ವಾರ ಅವರು ಬರುವ ಹೊತ್ತಿಗೆ ನಾನು ಅಲ್ಲಿಂದ ಹೊರಟಿರುತ್ತಿದ್ದೆ, ಅವತ್ತು ಅಲ್ಲೇ ನಿಂತುಬಿಟ್ಟಿದ್ದೆ. ಅವರು ಮೀನಿನ ಚೀಲ ಎತ್ತಿಕೊಂಡರು. "ಯಲ್ಲಾ, ನಡಿ, ಕಾರಿಗೆ ಹತ್ತು," ಎಂದರು.

ಅಡುಗೆಮನೆಯಲ್ಲಿ ಆಯಿಶಕ್ಕ ಗಂಡನ ಬಾಯಿಂದ ಎಲ್ಲ ಕೇಳಿಸಿಕೊಂಡರು. ಕಪಾಟಿನಿಂದ ಪುಟ್ಟ ಹೊಸ ಪಾತ್ರೆಯೊಂದನ್ನು ತೆಗೆದು ನನ್ನ ಮುಂದೆ ಇಟ್ಟರು. "ಇದು ಯಾರಿಗೆ ತಂದದ್ದು ಗೊತ್ತುಂಟಾ? ನಿಮ್ಮವರಿಗೆ ಶುಕ್ರವಾರ ಮೀನು ಆಗುವುದಿಲ್ಲ ಅಂತ ನಿನಗೆ ಬೇರೆಯೇ ಹೆಸರುಕಾಳು ಗಸಿ ಮಾಡ್ತಿದ್ದೆ. ಮೊದಲ ಎಂಟು ವಾರ. ನೀನು ಬೆಳಿಗ್ಗೆಯೇ ಮಾಯ. ನಮ್ಮ ಜುಮಾದ ಊಟಕ್ಕೆ ಕೂರಲಿಕ್ಕೆ ನಿನಗೆ ಮನಸ್ಸಿಲ್ಲ ಅಂತ ನಾನು ಎಣಿಸಿದ್ದು."

"ಅಯ್ಯೋ ಆಯಿಶಕ್ಕ! ಶುಕ್ರವಾರದ ಊಟ ಕಳೆದಿದ್ದೀರಲ್ಲ. ಇದ್ದರೆ ಮೋಸ ಆಗುತ್ತದೆ ಅಂತ…"

"ಅದು ಬಾಡಿಗೆ ಇಳಿಸ್ಲಿಕ್ಕೆ ಬಿಟ್ಟ ಬೊಗಳೆ ಅಂತ ಆಗಲೇ ಗೊತ್ತಿತ್ತು ಮಾರಾಯ್ತಿ! ಆದರೂ ಇಳಿಸಿದೆ. ಬಿಸಿಲಲ್ಲಿ ತಿರುಗಿ ಸಾಯಲಿಕ್ಕೆ ಯಾರು ಹೇಳಿದ್ದು ನಿನಗೆ?"

"ಹಾಗಾದರೆ ಬಾಡಿಗೆಗೆ ಸೇರಿಸಿಬಿಡಿ."

"ಮತ್ತೆ ಶುರು ಮಾಡಿದಳು!" ಎಂದು ಹಮೀದಾಕ ಕೈಮುಗಿದರು. "ಖಲಾಸ್. ಇನ್ನು ಶುಕ್ರವಾರದ ಮೀನು ನೀನೇ ತರುವುದು. ನನ್ನ ಮುಖ ನೋಡಿದರೆ ಆ ಬಂಗಾಳಿಗೆ ಹಬ್ಬ."

ನೆಲದ ಮೇಲೆ ಸುಪ್ರ ಹಾಸಿದರು. ಊಟಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ ಅದು. ಊರಿನ ಮನೆಯಲ್ಲಿ ಅಮ್ಮ ಶುಕ್ರವಾರ ಮೀನಿನ ವಾಸನೆಯನ್ನೂ ಒಳಗೆ ಬಿಡುವವಳಲ್ಲ. ನಾನು ಒಂದು ಕ್ಷಣ ಕೈ ತಡೆದೆ. ಆಯಿಶಕ್ಕ ಆ ಪುಟ್ಟ ಪಾತ್ರೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನೇ ಮೀನಿನ ತುಂಡೊಂದನ್ನು ಬಡಿಸಿಕೊಂಡೆ. ಉಂಡು, ಹೆಣ್ಣುಮಕ್ಕಳ ನಡುವೆ ಏಸಿಯ ತಂಪಿನಲ್ಲಿ ಸಂಜೆಯವರೆಗೆ ಮಲಗಿದೆ. ಮೂರನೇ ತಿಂಗಳಿಗೆ ಸಿಕ್ಕಿದ ಮೊದಲ ರಜೆ ಅದು.

ನಿಮಗೆ ಹೇಳುವುದಿಷ್ಟೇ: ಚೌಕಾಸಿ ಅಂಗಡಿಯಲ್ಲಿ ಮಾಡಿ, ಹೊಸಿಲು ದಾಟಿದ ಮೇಲೆ ಬೇಡ. ಮೀನಿಗೆ ಮಾತ್ರ ಎಲ್ಲಿ ಬೇಕಾದರೂ ಮಾಡಬಹುದು.

ಕಳೆದ ಸಲ ರಜೆಗೆ ಊರಿಗೆ ಹೋದಾಗ ಒಂದು ಶುಕ್ರವಾರ ಅಮ್ಮ ತಟ್ಟೆಗೆ ಅನ್ನ, ಸೌತೆಕಾಯಿ ಹುಳಿ ಬಡಿಸಿದ್ದಳು. ದೇವರ ಮುಂದೆ ದೀಪ ಉರಿಯುತ್ತಿತ್ತು. ಮೊಬೈಲ್ ಹೊಡೆದುಕೊಂಡಿತು. ಆ ಕಡೆ ಮಾರುಕಟ್ಟೆಯ ಗದ್ದಲ. "ಮೋಹಿನಿ, ಇವನು ಇಳಿಸ್ತಾ ಇಲ್ಲ, ನೀನೇ ಮಾತಾಡು," ಎಂದು ಹಮೀದಾಕ ಫೋನನ್ನು ಬಂಗಾಳಿಗೆ ಕೊಟ್ಟೇಬಿಟ್ಟರು.

"ಕಿವಿರು ತೋರಿಸು ಅವರಿಗೆ," ಎಂದು ನಾನು ಹಿಂದಿಯಲ್ಲಿ ಗದರಿದೆ.

"ಶುಕ್ರವಾರ ಊಟದ ಹೊತ್ತಿಗೆ ಮೀನಿನ ಮಾತಾ? ದೀಪ ಉರೀತಾ ಉಂಟು!" ಎಂದು ಅಮ್ಮ ಸೌಟು ಎತ್ತಿದಳು.

ನಾನು ಎಂಜಲು ಕೈಯಲ್ಲೇ ಎದ್ದು ಅಂಗಳಕ್ಕಿಳಿದೆ. ಆಖಿರ್ ಕಲಾಮ್ ಆಗುವವರೆಗೆ ಒಳಗೆ ಬರಲಿಲ್ಲ.